ಸಾಂಕ್ರಾಮಿಕ ಮತ್ತೆ ಬಂದರೆ ನಮ್ಮ ವ್ಯವಹಾರ ಎಷ್ಟು ದಿನ ತಡೆದುಕೊಳ್ಳುತ್ತದೆ? ತಯಾರಿಗೆ ಎಷ್ಟು ಖರ್ಚು ಮಾಡಬಹುದು?

ಬಿಡಿಭಾಗ_ಘಟಕ

ಎಲ್ಲರಿಗೂ ನಮಸ್ಕಾರ. ಯಂತ್ರಗಳ ಬಿಡಿಭಾಗ ಮಾಡುವ ಸಣ್ಣ ಘಟಕ ನನ್ನದು. ಪಾಲುದಾರರ ಜೊತೆ ಒಂದು ವಾದ ನಡೆಯುತ್ತಿದೆ. ಇಲ್ಲಿ ತಿಳಿದವರು ಇದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ.

ಕೊರೊನಾ ಆದ ಮೇಲೆ ನಾವು ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡನ್ನು ಮುಟ್ಟದೆ ಇಟ್ಟಿದ್ದೇವೆ. ಕೆಲವು ಕಚ್ಚಾ ಮಾಲನ್ನು ಬೇಕಾದ್ದಕ್ಕಿಂತ ಜಾಸ್ತಿ ತರಿಸಿಡುತ್ತೇವೆ. ಪಾಲುದಾರರು ಹೇಳುವುದು ಇಷ್ಟೇ: ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದೇ ತುರ್ತು ಪರಿಸ್ಥಿತಿ ಮುಗಿಯಿತು ಎಂದು ಘೋಷಿಸಿ ಆಯಿತು. ಇನ್ನೂ ಯಾಕೆ ದುಡ್ಡನ್ನು ಸುಮ್ನೆ ಕೂರಿಸಬೇಕು, ಹೊಸ ಮಷಿನ್‌ಗೆ ಹಾಕೋಣ. ಅವರ ಮಾತಿನಲ್ಲೂ ಅರ್ಥ ಇದೆ. ಕೂತ ದುಡ್ಡು ಏನೂ ದುಡಿಯುವುದಿಲ್ಲ, ನಿಜ.

ನನ್ನ ಪ್ರಶ್ನೆ "ತಯಾರಿ ಬೇಕಾ" ಎಂಬುದಲ್ಲ. 2020ರಲ್ಲಿ ನಿಜವಾಗಿ ಮುರಿದದ್ದು ಏನು? ಅದನ್ನು ನೋಡಿದರೆ ಯಾವ ತಯಾರಿಗೆ ದುಡ್ಡು ಹಾಕುವುದು ಸರಿ, ಯಾವುದಕ್ಕೆ ಹಾಕಬೇಕಾಗಿಲ್ಲ? ದಯವಿಟ್ಟು ಲೆಕ್ಕದ ಸಮೇತ ಹೇಳಿ.

ಲೆಕ್ಕಪತ್ರ

ಒಳ್ಳೆಯ ಪ್ರಶ್ನೆ ಸರ್. ನಾನು ಸಣ್ಣ ಉದ್ಯಮಗಳ ಲೆಕ್ಕ ನೋಡುವವಳು. ನನ್ನ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಬೆಂಕಿ ಬಿದ್ದರೆ, ಪ್ರವಾಹ ಬಂದರೆ ಕಟ್ಟಡ, ಮಷಿನ್, ಮಾಲು ಹಾಳಾಗುತ್ತವೆ. ಸಾಂಕ್ರಾಮಿಕ ಇವು ಯಾವುದನ್ನೂ ಮುಟ್ಟುವುದಿಲ್ಲ. ಮಷಿನ್ ಇದ್ದಲ್ಲೇ ಇರುತ್ತದೆ, ಮಾಲು ಗೋದಾಮಿನಲ್ಲೇ ಇರುತ್ತದೆ. ನಿಲ್ಲುವುದು ದುಡ್ಡಿನ ಓಡಾಟ. ಬರುವ ದುಡ್ಡು ಒಂದೇ ದಿನಕ್ಕೆ ನಿಲ್ಲುತ್ತದೆ, ಹೋಗುವ ದುಡ್ಡು ನಿಲ್ಲುವುದಿಲ್ಲ.

ಒಂದು ಲೆಕ್ಕ ಹಾಕೋಣ. ತಿಂಗಳ ಮಾರಾಟ 100 ಅಂದುಕೊಳ್ಳಿ. ಕಚ್ಚಾ ಮಾಲಿಗೆ 55, ಸಂಬಳಕ್ಕೆ 20, ಬಾಡಿಗೆ 8, ಸಾಲದ ಕಂತು 5, ಕರೆಂಟು ಮತ್ತಿತರ ಖರ್ಚು 4. ಉಳಿಯುವ ಲಾಭ 8. ಈಗ ಮಾರಾಟ ಸೊನ್ನೆ ಆಯಿತು. ಕಚ್ಚಾ ಮಾಲಿನ 55 ತಾನಾಗಿ ನಿಲ್ಲುತ್ತದೆ. ಸಂಬಳ, ಬಾಡಿಗೆ, ಕಂತು ನಿಲ್ಲುವುದಿಲ್ಲ. ಕರೆಂಟಿನ ಕನಿಷ್ಠ ಶುಲ್ಕ ಸೇರಿ 2 ಇರಲಿ. ಒಟ್ಟು 35. ಅಂದರೆ ಒಂದು ತಿಂಗಳು ಬಾಗಿಲು ಮುಚ್ಚಿದರೆ ನಾಲ್ಕು ತಿಂಗಳಿಗೂ ಮೀರಿದ ಲಾಭ ಹೋಯಿತು. ಮೂರು ತಿಂಗಳು ಮುಚ್ಚಿದರೆ 105, ಒಂದು ವರ್ಷಕ್ಕೂ ಹೆಚ್ಚಿನ ಲಾಭ ಅಲ್ಲೇ ಮುಗಿಯಿತು.

ಇದು ಇನ್ನೂ ಸುಲಭದ ಲೆಕ್ಕ. ನಿಮ್ಮ ಗಿರಾಕಿಗಳು ಎರಡು ತಿಂಗಳ ಬಾಕಿ ಉಳಿಸಿಕೊಂಡಿರುತ್ತಾರೆ ಅಲ್ವಾ? ಅವರೂ ಅದೇ ಕಷ್ಟದಲ್ಲಿ ಇರುವುದರಿಂದ ಆ 200 ಬರುವುದಿಲ್ಲ. ಹಿಂದಿನ ತಿಂಗಳು ಮಾಲು ಕೊಟ್ಟವರು ಮಾತ್ರ 55 ಕೇಳಲು ಬರುತ್ತಾರೆ. ಪುಸ್ತಕದಲ್ಲಿ ಲಾಭ ಇದೆ, ಖಾತೆಯಲ್ಲಿ ದುಡ್ಡಿಲ್ಲ. ಸಣ್ಣ ಉದ್ಯಮಗಳು ಸಾಯುವುದು ಬಹುತೇಕ ಹೀಗೆಯೇ. ನಷ್ಟದಿಂದಲ್ಲ, ಕೈಯಲ್ಲಿ ದುಡ್ಡಿಲ್ಲದೆ.

ಅಮೆರಿಕದ ಜೆಪಿ ಮಾರ್ಗನ್ ಚೇಸ್ ಸಂಸ್ಥೆಯ ಸಂಶೋಧನಾ ವಿಭಾಗ 2016ರಲ್ಲಿ ಸುಮಾರು 6 ಲಕ್ಷ ಸಣ್ಣ ಉದ್ಯಮಗಳ ಖಾತೆ ನೋಡಿತ್ತು. ಬರುವ ದುಡ್ಡು ಪೂರ್ತಿ ನಿಂತರೆ, ಕೈಯಲ್ಲಿರುವುದರಿಂದ ಎಷ್ಟು ದಿನ ಖರ್ಚು ನಡೆಸಬಹುದು ಎಂಬ ಲೆಕ್ಕ ಅದು. ಎಲ್ಲವನ್ನೂ ದಿನಗಳ ಪ್ರಕಾರ ಸಾಲಾಗಿ ಇಟ್ಟರೆ ನಡುಮಧ್ಯದಲ್ಲಿ ಬರುವ ಉದ್ಯಮಕ್ಕೆ ಸಿಕ್ಕ ಉತ್ತರ 27 ದಿನ. ಊಟದ ಹೋಟೆಲುಗಳಿಗೆ 16 ದಿನ. ಇದು ಕೊರೊನಾಕ್ಕೆ ನಾಲ್ಕು ವರ್ಷ ಮೊದಲು, ಎಲ್ಲ ಚೆನ್ನಾಗಿದ್ದಾಗ ತೆಗೆದ ಲೆಕ್ಕ.

ಮಷಿನ್ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಕೊಳ್ಳುವ ಮೊದಲು ಪಾಲುದಾರರ ಜೊತೆ ಕೂತು ನಿಮ್ಮ ದಿನಗಳನ್ನು ಎಣಿಸಿ. ಆ ದುಡ್ಡಿನಿಂದ ನೀವು ಕೊಳ್ಳುತ್ತಿರುವುದು ಸಮಯ. ಏನು ಮಾಡಬೇಕು ಎಂದು ಯೋಚಿಸಲು, ಬಾಕಿ ವಸೂಲಿಗೆ, ಸಾಲದ ಮಾತುಕತೆಗೆ, ಬೇರೆ ಗಿರಾಕಿ ಹುಡುಕಲು ಬೇಕಾದ ಸಮಯ.

ಗೋದಾಮು_ನೋಟ

ಮೇಡಂ ಹೇಳಿದ್ದು ದುಡ್ಡಿನ ಕಡೆ. ಮಾಲಿನ ಕಡೆ ಏನಾಯಿತು ಅಂತ ನಾನು ಹೇಳುತ್ತೇನೆ. ಸರಕು ಸಾಗಣೆಯಲ್ಲೇ ಕೆಲಸ ನನ್ನದು.

ಜನ ಈಗಲೂ "ಮಾಲು ಇರಲಿಲ್ಲ" ಅಂತಾರೆ. ಎಷ್ಟೋ ಸಲ ಮಾಲು ಇತ್ತು, ಬೇಕಾದ ರೂಪದಲ್ಲಿ ಇರಲಿಲ್ಲ. ಬ್ರಿಟನ್ನಿನ ಹಿಟ್ಟಿನ ಗಿರಣಿಗಳನ್ನೇ ನೋಡಿ. ಅಲ್ಲಿ ತಯಾರಾಗುವ ಹಿಟ್ಟಿನಲ್ಲಿ ಅಂಗಡಿಯಲ್ಲಿ ಸಣ್ಣ ಪೊಟ್ಟಣವಾಗಿ ಮಾರಾಟವಾಗುವುದು ಶೇ. 4ರಷ್ಟು ಮಾತ್ರ. ಉಳಿದದ್ದು ಟ್ಯಾಂಕರಿನಲ್ಲೋ ದೊಡ್ಡ ಚೀಲದಲ್ಲೋ ಕಾರ್ಖಾನೆಗಳಿಗೆ, ಬೇಕರಿಗಳಿಗೆ ಹೋಗುತ್ತದೆ. 2020ರ ಮಾರ್ಚಿನಲ್ಲಿ ಜನ ಮನೆಯಲ್ಲೇ ಉಳಿದರು, ಸಣ್ಣ ಪೊಟ್ಟಣಕ್ಕೆ ಮುಗಿಬಿದ್ದರು. ಗಿರಣಿಗಳು ಹಗಲು ರಾತ್ರಿ ಓಡಿದವು. ಹಿಟ್ಟಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಸಣ್ಣ ಪೊಟ್ಟಣ ತುಂಬುವ ಯಂತ್ರಕ್ಕೆ. ಆ ಯಂತ್ರ ಒಂದು ಗಂಟೆಗೆ ಎಷ್ಟು ತುಂಬುತ್ತದೋ ಅಷ್ಟೇ ಅಂಗಡಿಗೆ ಬರುತ್ತದೆ. ಇದನ್ನು ಮೊದಲೇ ಯಾರೂ ದುರ್ಬಲ ಜಾಗ ಅಂತ ಗುರುತು ಹಾಕಿರಲಿಲ್ಲ, ಯಾಕೆಂದರೆ ಮಾಮೂಲಿ ದಿನಗಳಲ್ಲಿ ಅದು ದುರ್ಬಲ ಜಾಗವೇ ಅಲ್ಲ.

ಚಿಪ್‌ಗಳ ಕಥೆ ಇನ್ನೂ ದೊಡ್ಡದು. 2020ರ ಆರಂಭದಲ್ಲಿ ಕಾರು ಕಂಪನಿಗಳು ಮಾರಾಟ ಬಿದ್ದುಹೋಗುತ್ತದೆ ಅಂತ ಚಿಪ್ ಆರ್ಡರ್ ಕಡಿತ ಮಾಡಿದವು. ಅದೇ ಹೊತ್ತಿಗೆ ಮನೆಯಿಂದ ಕೆಲಸ, ಮನೆಯಿಂದ ಪಾಠ ಶುರುವಾಗಿ ಲ್ಯಾಪ್‌ಟಾಪ್ ಬೇಡಿಕೆ ಏರಿತು. ಚಿಪ್ ಕಾರ್ಖಾನೆಗಳು ಖಾಲಿಯಾದ ಜಾಗವನ್ನು ಅವರಿಗೆ ಕೊಟ್ಟವು. ಕೆಲವೇ ತಿಂಗಳಲ್ಲಿ ಕಾರಿನ ಬೇಡಿಕೆ ವಾಪಸ್ ಬಂತು, ಕಾರು ಕಂಪನಿಗಳು ಸರದಿಯ ಕೊನೆಯಲ್ಲಿ ನಿಂತವು. ಕಾರಿನ ಬೆಲೆಗೆ ಹೋಲಿಸಿದರೆ ಆ ಚಿಪ್ಪಿನ ಬೆಲೆ ಏನೇನೂ ಅಲ್ಲ. ಅದಿಲ್ಲದೆ ಕಾರು ಕಾರ್ಖಾನೆಯಿಂದ ಹೊರಗೆ ಬರುವುದಿಲ್ಲ. 2021ರಲ್ಲಿ 77 ಲಕ್ಷ ವಾಹನಗಳ ತಯಾರಿಕೆ ತಪ್ಪಿಹೋಗುತ್ತದೆ ಅಂತ ಅಲಿಕ್ಸ್‌ಪಾರ್ಟ್‌ನರ್ಸ್ ಎಂಬ ಸಲಹಾ ಸಂಸ್ಥೆ ಅಂದಾಜು ಮಾಡಿತ್ತು.

ಕಂಟೇನರ್‌ಗಳೂ ಅಷ್ಟೇ. ಲೋಕದಲ್ಲಿ ಕಂಟೇನರ್‌ಗಳ ಸಂಖ್ಯೆ ಕಡಿಮೆ ಆಗಿರಲಿಲ್ಲ, ಇರಬಾರದ ಬಂದರುಗಳಲ್ಲಿ ಖಾಲಿ ಬಿದ್ದಿದ್ದವು. ಇಳಿಸುವವರಿಗೆ ಕಾಯಿಲೆ, ಲಾರಿ ಓಡಿಸುವವರು ಕಡಿಮೆ, ಹಡಗು ಬಂದರಿನ ಹೊರಗೆ ವಾರಗಟ್ಟಲೆ ಲಂಗರು. ಕೊರೊನಾಕ್ಕೆ ಮೊದಲು 40 ಅಡಿ ಕಂಟೇನರ್ ಸಾಗಿಸಲು ಜಗತ್ತಿನ ಸರಾಸರಿ ದರ 2,000 ಡಾಲರ್‌ಗಿಂತ ಕೆಳಗಿತ್ತು. 2021ರ ಸೆಪ್ಟೆಂಬರ್ ಹೊತ್ತಿಗೆ 10,000 ದಾಟಿತು.

ನಿಮ್ಮ ಪ್ರಶ್ನೆಗೆ ಬರುವುದಾದರೆ, ಎಲ್ಲ ಕಚ್ಚಾ ಮಾಲನ್ನೂ ಜಾಸ್ತಿ ಇಡುವುದು ದಂಡ. ಯಾವುದು ಇಲ್ಲದಿದ್ದರೆ ಇಡೀ ಕೆಲಸ ನಿಲ್ಲುತ್ತದೋ ಅದನ್ನು ಹುಡುಕಿ. ಹೆಚ್ಚಾಗಿ ಅದು ಅಗ್ಗದ್ದೇ ಆಗಿರುತ್ತದೆ.

ಅರ್ಥಶಾಸ್ತ್ರ_ಮೇಷ್ಟ್ರು

ಇಬ್ಬರೂ ಚೆನ್ನಾಗಿ ಹೇಳಿದ್ದೀರಿ. ಬೇಡಿಕೆಯ ಕಡೆಯನ್ನೂ ಸೇರಿಸೋಣ.

ವ್ಯಾಪಾರ ನಿಂತದ್ದು ಲಾಕ್‌ಡೌನ್‌ನಿಂದ ಅಂತ ಬಹಳ ಜನ ನಂಬಿದ್ದಾರೆ. ಅರ್ಧ ಮಾತ್ರ ನಿಜ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಆಸ್ಟನ್ ಗೂಲ್ಸ್‌ಬೀ ಮತ್ತು ಚಾಡ್ ಸೈವರ್ಸನ್ ಮೊಬೈಲ್ ಫೋನ್ ದತ್ತಾಂಶದಿಂದ 20 ಲಕ್ಷಕ್ಕೂ ಹೆಚ್ಚು ಅಂಗಡಿ-ಮುಂಗಟ್ಟುಗಳಿಗೆ ಜನ ಬಂದು ಹೋದದ್ದನ್ನು ನೋಡಿದರು. ನಿರ್ಬಂಧ ಇದ್ದ ಜಿಲ್ಲೆಯನ್ನೂ ಪಕ್ಕದ ನಿರ್ಬಂಧ ಇಲ್ಲದ ಜಿಲ್ಲೆಯನ್ನೂ ಹೋಲಿಸಿದರು. ಒಟ್ಟು ಕುಸಿತ ಶೇ. 60. ಆ 60ರಲ್ಲಿ ಸರ್ಕಾರಿ ಆದೇಶದ ಪಾಲು 7 ಮಾತ್ರ. ಉಳಿದದ್ದು ಜನ ತಾವೇ ಭಯಪಟ್ಟು ಹೊರಗೆ ಬರದೆ ಇದ್ದದ್ದು. ಡೆನ್ಮಾರ್ಕ್ ಮತ್ತು ಸ್ವೀಡನ್ ಹೋಲಿಕೆಯಲ್ಲೂ ಇದೇ ಕಂಡಿತು. ಡೆನ್ಮಾರ್ಕ್ ಮುಚ್ಚಿತು, ಸ್ವೀಡನ್ ಬಹುಪಾಲು ತೆರೆದಿಟ್ಟಿತು. ಬ್ಯಾಂಕ್ ಖಾತೆಗಳ ಲೆಕ್ಕದಂತೆ ಆರಂಭದ ವಾರಗಳಲ್ಲಿ ಜನರ ಖರ್ಚು ಡೆನ್ಮಾರ್ಕಿನಲ್ಲಿ ಶೇ. 29, ಸ್ವೀಡನ್ನಿನಲ್ಲಿ ಶೇ. 25 ಇಳಿಯಿತು.

1918ರ ಇನ್‌ಫ್ಲುಯೆಂಜಾದಲ್ಲಿ ಅಮೆರಿಕದ ನಗರಗಳ ಬಗ್ಗೆ ನಡೆದ ಅಧ್ಯಯನವೂ ಇದೆ. ಬೇಗ ನಿರ್ಬಂಧ ಹಾಕಿದ ನಗರಗಳ ವ್ಯಾಪಾರ ಉಳಿದವಕ್ಕಿಂತ ಹೆಚ್ಚು ಕೆಡಲಿಲ್ಲ ಎಂದು ಅದು ಹೇಳುತ್ತದೆ. ರೋಗ ಹರಡುತ್ತಿದ್ದರೆ ಬಾಗಿಲು ತೆರೆದಿಟ್ಟರೂ ಗಿರಾಕಿ ಬರುವುದಿಲ್ಲ.

ಇದು ವ್ಯವಹಾರಸ್ಥರಿಗೆ ಯಾಕೆ ಮುಖ್ಯ? "ಮುಂದಿನ ಸಲ ಸರ್ಕಾರ ಮುಚ್ಚಿಸದೆ ಇದ್ದರೆ ಸಾಕು" ಅಂತ ನಂಬಿ ಕೂರಬೇಡಿ. ಎಲ್ಲ ತೆರೆದಿದ್ದರೂ ಮಾರಾಟ ಅರ್ಧಕ್ಕೆ ಇಳಿಯಬಹುದು.

ಬಾಗಿಲು_ಮುಚ್ಚಿದವ

ಮೇಷ್ಟ್ರೇ, ಓದಿ ಬೇಸರ ಆಯಿತು. ನನಗೊಂದು ಜಿಮ್ ಇತ್ತು. ನನ್ನ ಬಾಗಿಲಿಗೆ ಬೀಗ ಹಾಕಿಸಿದ್ದು ಆದೇಶವೇ, ಗಿರಾಕಿಗಳ ಭಯ ಅಲ್ಲ. ಬರುತ್ತೇವೆ ಅಂತ ಫೋನ್ ಮಾಡುತ್ತಿದ್ದರು. ಪಕ್ಕದ ದೊಡ್ಡ ಅಂಗಡಿ ತೆರೆದೇ ಇತ್ತು, ಅಲ್ಲಿ ವ್ಯಾಯಾಮದ ಸಾಮಾನನ್ನೂ ಮಾರುತ್ತಿದ್ದರು. ಸರಾಸರಿ ಲೆಕ್ಕದಲ್ಲಿ ನಾನು ಎಲ್ಲಿ ಬರುತ್ತೇನೆ?

ಅರ್ಥಶಾಸ್ತ್ರ_ಮೇಷ್ಟ್ರು

ನಿಮ್ಮ ಮಾತು ನ್ಯಾಯವಾದದ್ದು. ಅದೇ ಅಧ್ಯಯನದಲ್ಲಿ ನಿಮಗೆ ಸಂಬಂಧಿಸಿದ ಇನ್ನೊಂದು ಭಾಗ ಇದೆ, ನಾನು ಅದನ್ನೂ ಹೇಳಬೇಕು. ಆದೇಶಗಳು ಒಟ್ಟು ವಹಿವಾಟನ್ನು ಇಳಿಸಿದ್ದು ಕಡಿಮೆ, ಆದರೆ ವಹಿವಾಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿದ್ದು ಬಹಳ. "ಅಗತ್ಯ" ಎಂಬ ಪಟ್ಟಿಯಲ್ಲಿ ಇಲ್ಲದವರ ಗಿರಾಕಿ ಪಟ್ಟಿಯಲ್ಲಿ ಇದ್ದವರ ಕಡೆಗೆ ಹೋದರು. ಪಟ್ಟಿಯ ಹೊರಗೆ ಇದ್ದವರು ಎಲ್ಲರ ಪರವಾಗಿ ನಷ್ಟ ಹೊತ್ತರು. ಅದಕ್ಕೇ ಮುಚ್ಚಿಸುವ ಆದೇಶದ ಜೊತೆಗೇ ಪರಿಹಾರವೂ ಬರಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನಿಮ್ಮ ಜಿಮ್ ಹೋದದ್ದು ಕೇಳಿ ನಿಜವಾಗಿಯೂ ನೋವಾಯಿತು.

ಶಿಫ್ಟ್_ಕೆಲಸ

ಇಲ್ಲಿಯವರೆಗೆ ಎಲ್ಲ ಮಾಲೀಕರ ಮಾತೇ ಆಯಿತು. ನಾನು ಮಷಿನ್ ಮೇಲೆ ಕೆಲಸ ಮಾಡುವವನು. ಲೆಕ್ಕಪತ್ರ ಮೇಡಂ ಬರೆದ 35ರಲ್ಲಿ 20 ಸಂಬಳ. ಕಷ್ಟ ಬಂದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಆ 20ರ ಮೇಲೆ. ಬಾಡಿಗೆ, ಕಂತು ಕಾಗದದಲ್ಲಿ ಬರೆದಿರುತ್ತವೆ, ನಮ್ಮದು ಬಾಯಿಮಾತು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿದಂತೆ 2020ರಲ್ಲಿ ಜಗತ್ತಿನಲ್ಲಿ ಕಳೆದುಹೋದ ಕೆಲಸದ ಗಂಟೆಗಳು ಶೇ. 8.8. ಅದು 25 ಕೋಟಿಗೂ ಹೆಚ್ಚು ಪೂರ್ಣಾವಧಿ ಕೆಲಸಗಳಿಗೆ ಸಮ. ಹೀಗೆ ಕೆಲಸ ಹೋದವರಲ್ಲಿ 27 ದಿನದ ದುಡ್ಡು ಇಟ್ಟುಕೊಂಡವರು ಎಷ್ಟು ಜನ ಇದ್ದಾರು?

ಇನ್ನೊಂದು ವಿಷಯ. ಹತ್ತು ವರ್ಷ ಒಂದೇ ಮಷಿನ್ ಮೇಲೆ ಕೆಲಸ ಮಾಡಿದವನಿಗೆ ಸೆಟ್ಟಿಂಗ್ ಹಾಕುವಾಗ ಶಬ್ದ ಕೇಳಿಯೇ ಗೊತ್ತಾಗುತ್ತದೆ, ಟೂಲ್ ಸವೆದಿದೆಯೋ ಇಲ್ಲವೋ ಅಂತ. ಅವನನ್ನು ತೆಗೆದರೆ ಅವನು ಹೊಟ್ಟೆಪಾಡಿಗೆ ಬೇರೆ ದಾರಿ ಹಿಡಿಯುತ್ತಾನೆ. ಆರ್ಡರ್ ವಾಪಸ್ ಬಂದ ದಿನ ಅವನು ಸಿಗುವುದಿಲ್ಲ. ಹೊಸಬ ಕಲಿಯುವವರೆಗೆ ರಿಜೆಕ್ಟ್ ಆಗುವ ಮಾಲಿನ ಲೆಕ್ಕ ಯಾರೂ ಹಾಕುವುದಿಲ್ಲ.

ಅರ್ಥಶಾಸ್ತ್ರ_ಮೇಷ್ಟ್ರು

ಈ ಪೋಸ್ಟ್ ಎಲ್ಲರೂ ಎರಡು ಸಲ ಓದಬೇಕು. ದೇಶಗಳ ಮಟ್ಟದಲ್ಲೂ ಇದೇ ವ್ಯತ್ಯಾಸ ಕಂಡಿತು. ಅಮೆರಿಕದಲ್ಲಿ ನಿರುದ್ಯೋಗ 2020ರ ಫೆಬ್ರವರಿಯಲ್ಲಿ ಶೇ. 3.5 ಇದ್ದದ್ದು ಏಪ್ರಿಲ್‌ನಲ್ಲಿ 14ನ್ನೂ ದಾಟಿತು. ಜರ್ಮನಿಯಲ್ಲಿ ಹಾಗೆ ಆಗಲಿಲ್ಲ. ಅಲ್ಲಿ ಕುರ್ಟ್ಸ್‌ಆರ್ಬೈಟ್ ಎಂಬ ಹಳೆಯ ವ್ಯವಸ್ಥೆ ಇದೆ. ಕೆಲಸ ಕಡಿಮೆ ಆದಾಗ ಕಂಪನಿ ಗಂಟೆಗಳನ್ನು ಇಳಿಸುತ್ತದೆ, ಕಳೆದುಹೋದ ಸಂಬಳದ ದೊಡ್ಡ ಪಾಲನ್ನು ಸರ್ಕಾರದ ಉದ್ಯೋಗ ವಿಮೆ ತುಂಬಿಕೊಡುತ್ತದೆ. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಅದರಡಿ ಇದ್ದರು. ಅವರು ಕೆಲಸ ಕಳೆದುಕೊಂಡವರ ಪಟ್ಟಿಗೆ ಹೋಗಲಿಲ್ಲ, ಕಂಪನಿಗಳೂ ಹೊಸ ಜನರನ್ನು ಹುಡುಕಬೇಕಾಗಲಿಲ್ಲ.

ಮುಖ್ಯ ಅಂಶ ಏನೆಂದರೆ ಆ ವ್ಯವಸ್ಥೆ ಮೊದಲೇ ಇತ್ತು. ಅರ್ಜಿ ನಮೂನೆ, ನಿಯಮ, ದುಡ್ಡು ಎಲ್ಲವೂ. ಬ್ರಿಟನ್ 2020ರ ಮಾರ್ಚಿನಲ್ಲಿ ಕೆಲವೇ ವಾರಗಳಲ್ಲಿ ಹೊಸದಾಗಿ ಕಟ್ಟಿತು, ಸಂಬಳದ ಶೇ. 80ರವರೆಗೆ ಕೊಟ್ಟಿತು, 1 ಕೋಟಿಗೂ ಹೆಚ್ಚು ಕೆಲಸಗಳಿಗೆ ನೆರವಾಯಿತು. ಅಮೆರಿಕ ಸಣ್ಣ ಉದ್ಯಮಗಳಿಗೆ ಸಾಲದ ಯೋಜನೆ ತಂದಿತು. ಸಂಬಳಕ್ಕೆ ಬಳಸಿದರೆ ಸಾಲ ಮನ್ನಾ. ಮೊದಲ ಕಂತಿನ 34,900 ಕೋಟಿ ಡಾಲರ್ ಎರಡು ವಾರದೊಳಗೆ ಖಾಲಿ. ಬ್ಯಾಂಕಿನ ಜೊತೆ ಮೊದಲೇ ಸಂಬಂಧ ಇದ್ದವರಿಗೆ ಬೇಗ ಸಿಕ್ಕಿತು, ಇಲ್ಲದ ಚಿಕ್ಕವರು ಕಾದರು.

ಪಾಲಿಸಿ_ಓದುಗ

ವಿಮೆ ಬಗ್ಗೆ ಯಾರೂ ಹೇಳಲಿಲ್ಲ.

ಟೆನಿಸ್‌ನ ವಿಂಬಲ್ಡನ್ ಟೂರ್ನಿ 2003ರ ಸಾರ್ಸ್ (ಕೊರೊನಾದಂಥದೇ ಉಸಿರಾಟದ ಸೋಂಕು) ಆದ ಮೇಲೆ ಸಾಂಕ್ರಾಮಿಕಕ್ಕೂ ಸೇರಿಸಿ ವಿಮೆ ಮಾಡಿಸಿತು, ವರ್ಷಾ ವರ್ಷ ಕಂತು ಕಟ್ಟಿತು. 2020ರಲ್ಲಿ ಟೂರ್ನಿ ರದ್ದಾದಾಗ 10 ಕೋಟಿ ಪೌಂಡ್‌ಗೂ ಹೆಚ್ಚು ಬಂತು. ಈ ಉದಾಹರಣೆ ಕೇಳಿ ನಾವೂ ಮಾಡಿಸೋಣ ಅಂತ ಓಡಬೇಡಿ. ಅದೇ ಸಾರ್ಸ್ ನೋಡಿ ಬಹಳ ವಿಮಾ ಕಂಪನಿಗಳು ಮಾಮೂಲಿ ಪಾಲಿಸಿಗಳಿಂದ ವೈರಸ್ ಅನ್ನು ಹೊರಗೆ ಇಟ್ಟವು. ವ್ಯವಹಾರ ನಿಂತರೆ ಪರಿಹಾರ ಕೊಡುವ ಪಾಲಿಸಿಗಳಲ್ಲಿ ಸಾಮಾನ್ಯವಾಗಿ "ಆಸ್ತಿಗೆ ಹಾನಿ ಆಗಿರಬೇಕು" ಎಂಬ ಷರತ್ತು ಇರುತ್ತದೆ. ಮೇಲೆ ಮೇಡಂ ಹೇಳಿದಂತೆ ಸಾಂಕ್ರಾಮಿಕ ಆಸ್ತಿಯನ್ನು ಮುಟ್ಟುವುದೇ ಇಲ್ಲ. ಬ್ರಿಟನ್ನಿನಲ್ಲಿ ಪಾಲಿಸಿಯ ಮಾತುಗಳ ಅರ್ಥ ಏನು ಎಂದು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2021ರ ಜನವರಿಯಲ್ಲಿ ತೀರ್ಪು ಬಹುಮಟ್ಟಿಗೆ ಪಾಲಿಸಿ ಕೊಂಡವರ ಪರವಾಗಿ ಬಂತು. ಅಷ್ಟರಲ್ಲಿ ಎಷ್ಟು ತಿಂಗಳು ಕಳೆದಿದ್ದವು ನೋಡಿ.

ವಿಶ್ವಬ್ಯಾಂಕ್ ಕೂಡ 2017ರಲ್ಲಿ ಸಾಂಕ್ರಾಮಿಕ ಬಾಂಡ್ (ಹೂಡಿಕೆದಾರರಿಂದ ಎತ್ತಿದ ದುಡ್ಡನ್ನು ರೋಗ ಹರಡಿದಾಗ ಕೊಡುವ ವ್ಯವಸ್ಥೆ) ತಂದಿತ್ತು, ಬಡ ದೇಶಗಳಿಗೆ ಬೇಗ ದುಡ್ಡು ಸಿಗಲಿ ಎಂದು. ದುಡ್ಡು ಬಿಡುಗಡೆಗೆ ಹಾಕಿದ ಷರತ್ತುಗಳು ಎಷ್ಟು ಬಿಗಿಯಾಗಿದ್ದವೆಂದರೆ ಕೋವಿಡ್‌ನಲ್ಲಿ ಅದು ಬಿಡುಗಡೆ ಆಗುವಷ್ಟರಲ್ಲಿ 2020ರ ಏಪ್ರಿಲ್ ಬಂದಿತ್ತು. ರೋಗ ಆಗಲೇ ಲೋಕವನ್ನೆಲ್ಲ ಸುತ್ತಿತ್ತು.

ಹಾಗಾಗಿ ವಿಮೆ ಇದ್ದರೆ ಒಳ್ಳೆಯದು. ಆದರೆ ಮೊದಲ ಎರಡು ಮೂರು ತಿಂಗಳಿಗೆ ಅದನ್ನು ನಂಬಬೇಡಿ. ಇರುವ ಪಾಲಿಸಿಯಲ್ಲಿ ಯಾವುದಕ್ಕೆ ಪರಿಹಾರ ಇಲ್ಲ ಎಂದು ಬರೆದ ಪುಟವನ್ನು ಈ ವಾರವೇ ಓದಿ.

ಬಿಡಿಭಾಗ_ಘಟಕ

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಆಳವಾದ ಉತ್ತರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಪಾಲುದಾರರಿಗೂ ಓದಿಸಿದೆ. ಅವರು ಕೇಳಿದ್ದು: ಸ್ಟಾಕ್ ಇಡುವ ಬದಲು ಇಬ್ಬರು ಸಪ್ಲೈಯರ್ ಇಟ್ಟುಕೊಂಡರೆ ಸಾಕಲ್ವಾ? ಗೋದಾಮು ಸರ್, ಇದಕ್ಕೆ ಏನು ಹೇಳುತ್ತೀರಿ?

ಗೋದಾಮು_ನೋಟ

ಒಳ್ಳೆಯದೇ, ಆದರೆ ಇಬ್ಬರೂ ಒಂದೇ ಕೈಗಾರಿಕಾ ಪ್ರದೇಶದಲ್ಲಿ ಇದ್ದರೆ ಒಬ್ಬರೇ ಇದ್ದ ಹಾಗೆ. ಇಬ್ಬರೂ ಒಬ್ಬನೇ ಮೂರನೆಯವನಿಂದ ಮಾಲು ತರಿಸುತ್ತಿದ್ದರೂ ಅಷ್ಟೇ. ಅವರಿಗೆ ಯಾರು ಕೊಡುತ್ತಾರೆ ಅಂತ ಕೇಳಿ ನೋಡಿ, ಬಹಳ ಸಲ ಆಶ್ಚರ್ಯ ಆಗುತ್ತದೆ.

"ಎಲ್ಲವನ್ನೂ ಹತ್ತಿರದಲ್ಲೇ ಮಾಡಿಸಿದರೆ ಸುರಕ್ಷಿತ" ಎಂಬ ಮಾತೂ ಆಗ ಜೋರಾಗಿ ಕೇಳಿತು. ನಾನು ಒಪ್ಪುವುದಿಲ್ಲ. 2020ರ ಫೆಬ್ರವರಿಯಲ್ಲಿ ಚೀನಾದ ಕಾರ್ಖಾನೆಗಳು ಮುಚ್ಚಿದ್ದವು, ಉಳಿದ ಕಡೆ ತೆರೆದಿದ್ದವು. ಏಪ್ರಿಲ್‌ನಲ್ಲಿ ತಿರುಗುಮುರುಗಾಯಿತು. ಹತ್ತಿರದವನ ಮೇಲೆ ಮಾತ್ರ ನಿಂತರೆ ನಿಮ್ಮ ಊರು ಮುಚ್ಚಿದ ದಿನ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೇವಿಡ್ ಸಿಂಚಿ-ಲೆವಿ ಎಂಬ ಪ್ರಾಧ್ಯಾಪಕರು ಫೋರ್ಡ್ ಕಂಪನಿ ಜೊತೆ ಸೇರಿ ಒಂದು ಸುಲಭದ ವಿಧಾನ ಮಾಡಿದ್ದಾರೆ. ಪ್ರತಿ ಸಪ್ಲೈಯರ್ ಬಗ್ಗೆ ಎರಡು ಪ್ರಶ್ನೆ. ಅವರು ನಿಂತುಹೋದರೆ ಮತ್ತೆ ಶುರುವಾಗಲು ಎಷ್ಟು ವಾರ ಬೇಕು? ಅವರಿಲ್ಲದೆ ನಾವು ಎಷ್ಟು ವಾರ ನಡೆಸಬಹುದು? ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದಾಗಿದ್ದರೆ ಅಲ್ಲಿ ಅಪಾಯ ಇದೆ. ಇದರಲ್ಲಿ ರೋಗ ಬರುತ್ತದೋ ಬೆಂಕಿ ಬೀಳುತ್ತದೋ ಎಂದು ಊಹಿಸಬೇಕಾಗಿಯೇ ಇಲ್ಲ. ನನಗೆ ಅದಕ್ಕೇ ಇದು ಇಷ್ಟ.

ಟೊಯೊಟಾ ಮಾಡಿದ್ದು ಹೆಚ್ಚುಕಡಿಮೆ ಇದೇ. ಬೇಕಾದಾಗ ಬೇಕಾದಷ್ಟೇ ಮಾಲು ಎಂಬ ಪದ್ಧತಿಯನ್ನು ಜಗತ್ತಿಗೆ ಕಲಿಸಿದ ಕಂಪನಿ ಅದು. 2011ರ ಜಪಾನ್ ಭೂಕಂಪದಲ್ಲಿ ಪೆಟ್ಟು ತಿಂದ ಮೇಲೆ ತಡವಾಗಿ ಸಿಗುವ ಭಾಗಗಳ ಪಟ್ಟಿ ಮಾಡಿ, ಚಿಪ್‌ನಂಥವನ್ನು ಎರಡರಿಂದ ಆರು ತಿಂಗಳಿಗೆ ಆಗುವಷ್ಟು ಇಟ್ಟುಕೊಳ್ಳಲು ಸಪ್ಲೈಯರ್‌ಗಳಿಗೆ ಹೇಳಿತು. ಉಳಿದ ಕಡೆ ಹಳೆಯ ಪದ್ಧತಿಯೇ ಮುಂದುವರಿಯಿತು. 2021ರ ಆರಂಭದಲ್ಲಿ ಬೇರೆ ಕಂಪನಿಗಳ ಕಾರ್ಖಾನೆ ನಿಲ್ಲುತ್ತಿದ್ದಾಗ ಟೊಯೊಟಾ ಓಡುತ್ತಿತ್ತು. ಆದರೂ ಆಗ್ನೇಯ ಏಷ್ಯಾದಲ್ಲಿ ಕೋವಿಡ್ ಏರಿದಾಗ ಸೆಪ್ಟೆಂಬರ್‌ನಲ್ಲಿ ಅದೂ ಉತ್ಪಾದನೆಯ ಯೋಜನೆಯನ್ನು ಶೇ. 40 ಇಳಿಸಿತು. ಸ್ಟಾಕ್ ಕೊಟ್ಟದ್ದು ಕೆಲವು ತಿಂಗಳು. ಅಷ್ಟನ್ನೇ ಅದು ಕೊಡಲು ಸಾಧ್ಯ.

ಸ್ಟಾಕ್_ಬೇಡ

ನಾನು ಪಾಲುದಾರರ ಪರ. ಎಲ್ಲರೂ ಸ್ಟಾಕ್ ಸ್ಟಾಕ್ ಅಂದು 2021ರಲ್ಲಿ ಒಂದಕ್ಕೆ ಎರಡು ಆರ್ಡರ್ ಹಾಕಿದರು. 2022ಕ್ಕೆ ಮಾಲು ಒಟ್ಟಿಗೆ ಬಂದು ಬಿತ್ತು, ಜನರ ಆಸಕ್ತಿ ಬದಲಾಗಿತ್ತು. ಅಮೆರಿಕದ ದೊಡ್ಡ ದೊಡ್ಡ ಚಿಲ್ಲರೆ ಸರಪಳಿಗಳೇ ಬೆಲೆ ಇಳಿಸಿ ಗೋದಾಮು ಖಾಲಿ ಮಾಡಿದವು. ಕೊರತೆಯ ಭಯದಲ್ಲಿ ಹಾಕಿದ ಆರ್ಡರ್ ಅನ್ನು ನಿಜವಾದ ಬೇಡಿಕೆ ಅಂತ ಸರಪಳಿಯ ಮೇಲಿನವರು ನಂಬುತ್ತಾರೆ, ಅವರು ಇನ್ನೂ ಜಾಸ್ತಿ ಮಾಡುತ್ತಾರೆ. ಕೆಡುವ, ಹಳತಾಗುವ ಮಾಲಿಗೆ ಸ್ಟಾಕ್ ಪರಿಹಾರವೇ ಅಲ್ಲ.

ಗೋದಾಮು_ನೋಟ

ಪೂರ್ತಿ ಒಪ್ಪುತ್ತೇನೆ. ಹಳತಾಗುವ ಮಾಲಿಗೆ ಸ್ಟಾಕ್ ಬೇಡ. ಅಲ್ಲಿ ಬೇರೆ ಮಾಲು ಹಾಕಿ ಕೆಲಸ ನಡೆಸಬಹುದಾ ಅಂತ ಮೊದಲೇ ಪರೀಕ್ಷೆ ಮಾಡಿ, ಗಿರಾಕಿಯಿಂದ ಒಪ್ಪಿಗೆ ಪಡೆದು ಇಟ್ಟುಕೊಳ್ಳಬೇಕು. ಗಲಾಟೆಯ ನಡುವೆ ಹೊಸ ಗ್ರೇಡ್‌ಗೆ ಒಪ್ಪಿಗೆ ಸಿಗುವುದಿಲ್ಲ.

ಸರ್ವರ್_ಕೋಣೆ

ನನ್ನದು ಐಟಿ ಕಡೆ. ಮನೆಯಿಂದ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆ. ಝೂಮ್‌ನಲ್ಲಿ 2019ರ ಡಿಸೆಂಬರ್‌ನಲ್ಲಿ ಸಭೆಗಳ ಹಾಜರಿ ದಿನಕ್ಕೆ 1 ಕೋಟಿ ಇತ್ತು, 2020ರ ಏಪ್ರಿಲ್‌ನಲ್ಲಿ 30 ಕೋಟಿ. ಆದರೆ ಲೇತ್ ಮಷಿನ್ ಮನೆಗೆ ಒಯ್ಯಲಾಗುವುದಿಲ್ಲ.

ನನಗೆ ಹೇಳಬೇಕು ಅನಿಸಿದ್ದು ಬೇರೆ. ಸಾಂಕ್ರಾಮಿಕ ಹೊಡೆಯುವುದು ಮನುಷ್ಯರನ್ನು. ಯಾರೋ ಒಬ್ಬರು ಎರಡು ಮೂರು ವಾರ ಹಾಸಿಗೆ ಹಿಡಿಯುತ್ತಾರೆ, ಕೆಲವರು ವಾಪಸ್ ಬರುವುದೇ ಇಲ್ಲ. ಆ ಒಬ್ಬರ ತಲೆಯಲ್ಲಿ ಮಾತ್ರ ಇದ್ದ ವಿಷಯ ಯಾವುದು? ನಾನು ಕೆಲಸ ಮಾಡಿಕೊಟ್ಟ ಒಂದು ಕಡೆ ಸಂಬಳದ ಫೈಲ್ ಬ್ಯಾಂಕಿಗೆ ಕಳಿಸುವುದು ಒಬ್ಬರಿಗೆ ಮಾತ್ರ ಗೊತ್ತಿತ್ತು. ಒಟಿಪಿ ಬರುತ್ತಿದ್ದದ್ದು ಅವರ ಫೋನಿಗೆ. ಅವರು ಆಸ್ಪತ್ರೆಯಲ್ಲಿ. ಖಾತೆಯಲ್ಲಿ ದುಡ್ಡು ಇತ್ತು, ಆದರೂ ಇಡೀ ಸಂಸ್ಥೆಗೆ ಸಂಬಳ ಆಗಲಿಲ್ಲ.

ಅದಕ್ಕೆ ಸಹಿ ಹಾಕಬಲ್ಲ ಎರಡನೆಯವರು, ಪಾಸ್‌ವರ್ಡ್ ಇಡುವ ಭದ್ರ ವ್ಯವಸ್ಥೆ, ಪ್ರತಿ ಮುಖ್ಯ ಕೆಲಸ ತಿಳಿದ ಇನ್ನೊಬ್ಬರು ಇರಲೇಬೇಕು. ಖರ್ಚು ಹೆಚ್ಚುಕಡಿಮೆ ಇಲ್ಲ. ಎರಡನೆಯವರಿಂದ ವರ್ಷಕ್ಕೊಮ್ಮೆ ಆ ಕೆಲಸ ನಿಜವಾಗಿ ಮಾಡಿಸಿ ನೋಡಿ, ಕಾಗದದಲ್ಲಿ ಹೆಸರು ಬರೆದರೆ ಸಾಲದು.

ಶಿಫ್ಟ್_ಕೆಲಸ

ಇದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಕೆಲಸ ಅದಲು ಬದಲು ಮಾಡಿ ಕಲಿಸಿದ್ದರು. ಶಿಫ್ಟ್‌ಗಳನ್ನು ಬೇರೆ ಮಾಡಿ, ಒಂದು ತಂಡ ಇನ್ನೊಂದನ್ನು ಭೇಟಿ ಆಗದ ಹಾಗೆ ನೋಡಿಕೊಂಡರು. ಒಂದು ತಂಡಕ್ಕೆ ಸೋಂಕು ತಗುಲಿದರೂ ಇನ್ನೊಂದು ನಡೆಯಿತು. ಜ್ವರ ಬಂದವರಿಗೆ ಸಂಬಳ ಕತ್ತರಿಸದೆ ರಜೆ ಕೊಟ್ಟರು. ಸಂಬಳ ಕತ್ತರಿಸಿದರೆ ಜ್ವರ ಮುಚ್ಚಿಟ್ಟು ಬರುತ್ತಾರೆ, ಇಡೀ ಶಿಫ್ಟ್ ಮಲಗುತ್ತದೆ.

ಲೆಕ್ಕಪತ್ರ

ದುಡ್ಡಿನ ಬಗ್ಗೆ ಇನ್ನೊಂದು ಮಾತು ಉಳಿದಿತ್ತು. 2020ರಲ್ಲಿ ಹಲವು ದೇಶಗಳಲ್ಲಿ ದಿವಾಳಿ ಪ್ರಕರಣ ಇಳಿದವು, ಏರಲಿಲ್ಲ. ಸಾಲದ ಕಂತು ಮುಂದೂಡಿಕೆ, ದಿವಾಳಿ ಅರ್ಜಿಗೆ ತಡೆ, ಸರ್ಕಾರದ ಖಾತರಿ ಸಾಲ, ಇವೆಲ್ಲ ಕಾರಣ. ನೆರವು ಮುಗಿದ ಮೇಲೆ, ಬಡ್ಡಿ ದರ ಏರಿದ ಮೇಲೆ, ದಿವಾಳಿಗಳು ಏರಿದವು. ಬಾಗಿಲು ಮುಚ್ಚಿದ ತಿಂಗಳುಗಳ ಬಾಡಿಗೆಯನ್ನು ಸಾಲ ಮಾಡಿ ಕಟ್ಟಿದವರು ಆಮೇಲೆ ವರ್ಷಗಟ್ಟಲೆ ಅದನ್ನೇ ತೀರಿಸಿದರು. ಸಾಲ ಸಮಯ ಕೊಡುತ್ತದೆ, ಹೋದ ಆದಾಯ ವಾಪಸ್ ಕೊಡುವುದಿಲ್ಲ.

ನನ್ನ ಸಲಹೆ ಇಷ್ಟು. ಓವರ್‌ಡ್ರಾಫ್ಟ್ ಮಿತಿಯನ್ನು (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಅವಕಾಶ) ವ್ಯವಹಾರ ಚೆನ್ನಾಗಿದ್ದಾಗಲೇ ಹೆಚ್ಚಿಸಿಕೊಳ್ಳಿ, ಬಳಸಬೇಡಿ. ಕಷ್ಟ ಬಂದ ಮೇಲೆ ಬ್ಯಾಂಕಿಗೆ ಹೋದರೆ ಅವರೂ ಹೆದರಿರುತ್ತಾರೆ. ಬಾಡಿಗೆ ಕರಾರು ನವೀಕರಿಸುವಾಗ, ಆದೇಶದಿಂದ ಮುಚ್ಚಬೇಕಾದರೆ ಬಾಡಿಗೆ ಹೇಗೆ ಹಂಚಿಕೊಳ್ಳುವುದು ಎಂದು ಒಂದು ಸಾಲು ಹಾಕಿಸಿ. ಒಬ್ಬನೇ ಗಿರಾಕಿ ಅರ್ಧಕ್ಕಿಂತ ಜಾಸ್ತಿ ಮಾಲು ಕೊಳ್ಳುತ್ತಿದ್ದರೆ, ಸರ್, ನಿಮ್ಮ ಮೊದಲ ಅಪಾಯ ರೋಗ ಅಲ್ಲ, ಆ ಗಿರಾಕಿ. ಇದನ್ನು ಮಷಿನ್‌ಗಿಂತ ಮೊದಲು ಸರಿ ಮಾಡಿ.

ಬಿಡಿಭಾಗ_ಘಟಕ

ಮೇಡಂ, ನೀವು ಹೇಳಿದ ಆ ಗಿರಾಕಿ ನಮಗೂ ಇದ್ದಾರೆ.

ಪಾಲುದಾರರ ಜೊತೆ ಕೂತು ನಮ್ಮ ದಿನಗಳನ್ನು ಎಣಿಸಿದೆವು. ಅವರು ಅಂದುಕೊಂಡಿದ್ದಕ್ಕಿಂತ ಕಡಿಮೆ ಬಂತು, ಆಮೇಲೆ ವಾದ ಬಹಳ ಉಳಿಯಲಿಲ್ಲ. ಸದ್ಯಕ್ಕೆ ಒಪ್ಪಿಕೊಂಡದ್ದು: ಮೂರು ತಿಂಗಳ ಸಂಬಳ, ಬಾಡಿಗೆ, ಕಂತಿಗೆ ಆಗುವಷ್ಟು ಮುಟ್ಟುವುದಿಲ್ಲ. ಅದಕ್ಕಿಂತ ಮೇಲಿನದು ಮಷಿನ್‌ಗೆ. ಸಾಮಾನ್ಯ ಉಕ್ಕಿನ ಸ್ಟಾಕ್ ಇಳಿಸುತ್ತೇವೆ, ಅದು ಎಲ್ಲೂ ಸಿಗುತ್ತದೆ. ಸೋರಿಕೆ ತಡೆಯುವ ಒಂದು ಬಗೆಯ ಸೀಲ್ ಒಬ್ಬರಿಂದ ಮಾತ್ರ ಬರುತ್ತದೆ, ಅದನ್ನು ಹೆಚ್ಚಿಸುತ್ತೇವೆ. ಅಗ್ಗದ್ದು, ಕೆಡುವುದಿಲ್ಲ.

ಒಂದೇ ಸಂದೇಹ. ನಮಗೆ ಪ್ಲೇಟಿಂಗ್ (ಬಿಡಿಭಾಗದ ಮೇಲೆ ಲೋಹದ ಲೇಪ) ಮಾಡಿಕೊಡುವವರು ನಮಗಿಂತ ಚಿಕ್ಕವರು. ಕಷ್ಟದಲ್ಲಿ ನಾವು ದುಡ್ಡು ಹಿಡಿದಿಟ್ಟುಕೊಂಡರೆ ನಮ್ಮ ದಿನ ಹೆಚ್ಚುತ್ತದೆ, ಅವರದು ಕಡಿಮೆ ಆಗುತ್ತದೆ. ಇದನ್ನು ಹೇಗೆ ನೋಡಬೇಕು?

ಶಿಫ್ಟ್_ಕೆಲಸ

ಇದನ್ನು ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ ಸರ್.

ಗೋದಾಮು_ನೋಟ

ಎರಡು ಉದಾಹರಣೆ ಕೊಡುತ್ತೇನೆ, ಎರಡೂ 2020ರ ಮಾರ್ಚ್-ಏಪ್ರಿಲ್‌ನವು. ಪಶ್ಚಿಮದ ಬಟ್ಟೆ ಬ್ರ್ಯಾಂಡ್‌ಗಳು ಬಾಂಗ್ಲಾದೇಶದ ಕಾರ್ಖಾನೆಗಳಿಗೆ ಕೊಟ್ಟ ಆರ್ಡರ್‌ಗಳನ್ನು ರದ್ದು ಮಾಡಿದವು ಅಥವಾ ತಡೆಹಿಡಿದವು. ಅಲ್ಲಿನ ಗಾರ್ಮೆಂಟ್ ತಯಾರಕರ ಸಂಘದ ಲೆಕ್ಕ 300 ಕೋಟಿ ಡಾಲರ್‌ಗೂ ಹೆಚ್ಚು, ತೊಂದರೆ ಆದ ಕಾರ್ಮಿಕರು 20 ಲಕ್ಷಕ್ಕೂ ಹೆಚ್ಚು. ಎಷ್ಟೋ ಬಟ್ಟೆ ಆಗಲೇ ಕತ್ತರಿಸಿ ಹೊಲಿದು ಆಗಿತ್ತು. ಕಾರ್ಮಿಕರು, ಹೋರಾಟಗಾರರು ಒತ್ತಾಯಿಸಿದ ಮೇಲೆ ಕೆಲವು ಬ್ರ್ಯಾಂಡ್‌ಗಳು ದುಡ್ಡು ಕೊಡಲು ಒಪ್ಪಿದವು. ಇನ್ನೊಂದು ಕಡೆ ಯೂನಿಲಿವರ್ ತನ್ನ ಸಣ್ಣ ಸಪ್ಲೈಯರ್‌ಗಳಿಗೆ ಬೇಗ ಪಾವತಿ, ಸಣ್ಣ ಅಂಗಡಿಗಳಿಗೆ ಸಾಲ ಎಂದು 50 ಕೋಟಿ ಯೂರೊಗಳ ನೆರವು ಘೋಷಿಸಿತು.

ನಿಮ್ಮ ಪ್ಲೇಟಿಂಗ್‌ನವರು ಮುಚ್ಚಿದರೆ ಮತ್ತೊಬ್ಬರನ್ನು ಹುಡುಕಿ, ಸ್ಯಾಂಪಲ್ ಕೊಟ್ಟು, ಒಪ್ಪಿಗೆ ಪಡೆಯಲು ಎಷ್ಟು ವಾರ ಬೇಕು? ನಿಮ್ಮ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಅದನ್ನು ಬರೆಯಿರಿ. ಅವರ ಒಂದು ತಿಂಗಳ ಬಿಲ್ ಎಷ್ಟು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಆ ಬಿಲ್ ಅನ್ನು ನಿಮ್ಮ ಮೂರು ತಿಂಗಳ ಮೀಸಲಿನೊಳಗೇ ಸೇರಿಸಿ, ಸಂಬಳದ ಜೊತೆಗೆ.

ಲೆಕ್ಕಪತ್ರ

ಮತ್ತು ಈಗಲೇ ಒಂದು ಪುಟದ ಕರಾರು ಮಾಡಿಕೊಳ್ಳಿ. ಕೆಲಸ ಮುಗಿದ ಮಾಲಿಗೆ ಪೂರ್ತಿ ದುಡ್ಡು, ಅರ್ಧ ಆದ ಮಾಲಿಗೆ ಅಲ್ಲಿಯವರೆಗಿನ ಖರ್ಚು, ಆರ್ಡರ್ ರದ್ದು ಮಾಡಿದರೂ ಸರಿ. ಇದೇ ಕರಾರನ್ನು ನಿಮ್ಮ ದೊಡ್ಡ ಗಿರಾಕಿಯಿಂದಲೂ ಕೇಳಿ. ಅವರು ಒಪ್ಪುತ್ತಾರೋ ಇಲ್ಲವೋ ಎಂಬುದು ಈಗಲೇ ಗೊತ್ತಾಗುತ್ತದೆ. ಒಪ್ಪದಿದ್ದರೆ ಮೂರು ತಿಂಗಳ ಮೀಸಲನ್ನು ನಾಲ್ಕು ಮಾಡಿ. ಬೇಕಾದರೆ ಕರಡು ಬರೆದುಕೊಡುತ್ತೇನೆ, ಸಂದೇಶ ಕಳಿಸಿ.